ಅಂಗಡಿ ದೇವರಿಗೆ ಹೂವಿಲ್ಲ

ಅಲ್ಲ ಕಣಮ್ಮ ಪುಟ್ಟಿ, ನೀನು ಹೂ ತಂದಿದ್ದು ತಪ್ಪು ಅಂತ ಅಂದ್ನಾ ನಾನು? ಅಂಗಡಿ ದೇವ್ರ ಫೋಟೋಗೆ ಇಡಬೇಡ, ಮನೇಲಿ ಎಷ್ಟು ಬೇಕಾದ್ರೂ ಇಟ್ಕೋ ಅಂದೆ, ಅಷ್ಟೇ. ಅದಕ್ಕೆ ಇಂಗೆ ಮೂತಿ ಊದಿಸ್ಕಂಡು ಕೂತ್ರೆ ಹೆಂಗೆ? ಬಾ ಇಲ್ಲಿ, ಜಗಲಿ ಮೇಲೆ ಕೂತ್ಕೋ. ಲೇ ಮಂಜ, ಆ ಫೋನ್ ಕೆಳಗಿಟ್ಟು ನೀನೂ ಬಾರ್ಲಾ. ತಾತಂಗೆ ದೇವ್ರು ದಿಂಡ್ರು ಅಂದ್ರೆ ಆಗಲ್ಲ ಅಂತ ನಿಮ್ಮಪ್ಪ ಹೇಳ್ಕಂಡು ತಿರುಗ್ತಾನಂತೆ, ಹೇಳ್ಲಿ ಬುಡು. ದಿನಾ ಬಾಗ್ಲು ತೆಗೆದ ತಕ್ಷಣ ದೀಪ ಹಚ್ಚೋನು ನಾನು, ಅವನಲ್ಲ. ಹೂ ಒಂದು ಇಡಲ್ಲ. ಯಾಕೆ ಅಂತ ಇದುವರ್ಗೂ ಯಾರಿಗೂ ಹೇಳಿಲ್ಲ. ನಿಮ್ಮಜ್ಜಿ ಒಬ್ಳಿಗೆ ಗೊತ್ತಿತ್ತು, ಅವ್ಳೂ ಹೋದ್ಲು.

ಅಜ್ಜಿಗೆ ಕಾಯಿಲೆ ಬಂದಾಗ ನೀನಿನ್ನೂ ತೊಟ್ಲಲ್ಲಿದ್ದೆ ಕಣಮ್ಮ, ಮಂಜ ಹುಟ್ಟಿರ್ಲಿಲ್ಲ. ಇಲ್ಲ, ಹುಟ್ಟಿದ್ನೇನೋ... ಇಲ್ಲ ಇಲ್ಲ, ಹುಟ್ಟಿರ್ಲಿಲ್ಲ, ನಿಮ್ಮಮ್ಮ ಬಸುರಿ, ಅದಕ್ಕೇ ಅವ್ಳನ್ನ ಆಸ್ಪತ್ರೆ ಕಡೆ ಬಿಟ್ಕಂಡಿರ್ಲಿಲ್ಲ. ಮಾಳಮ್ಮ, ನಿಮ್ಮಜ್ಜಿ, ಹುಲಿಕುಂಟೆ ಕಡೆಯ ಹೆಣ್ಣು, ಕುರಿ ಹಿಂದೆ ನಡೆದು ಬೆಳೆದೋಳು, ನೋವು ಅಂತ ಬಾಯ್ಬಿಟ್ಟು ಹೇಳೋಳಲ್ಲ. ಹೊಟ್ಟೆ ಹಿಡ್ಕಂಡ್ ಹಿಡ್ಕಂಡ್ ಕೂತ್ಕಳೋಳು, ಏನೇ ಅಂದ್ರೆ ವಾಯು ಅನ್ನೋಳು, ಒಂದ್ ಸೋಡಾ ತರ್ಸಿ ಕುಡಿಯೋಳು. ಅಂಗೇ ಆರ್ ತಿಂಗ್ಳು. ಆಮೇಲೆ ಮುದ್ದೆ ನುಂಗಿದ್ರೆ ವಾಪಸ್ ಬರಾಕೆ ಶುರುವಾಯ್ತು, ಸೀರೆ ನೆರಿಗೆ ದಿನಾ ಒಂದೊಂದು ಜಾಸ್ತಿ ಆಗಾಕೆ ಶುರುವಾಯ್ತು. ನಾನು ಕಂಬಳಿ ವ್ಯಾಪಾರದೋನು, ಕಂಬಳಿನ ಒಂದ್ಸಲ ಕೈಯಲ್ಲಿ ಎತ್ತಿದ್ರೆ ಸಾಕು ತೂಕ ಹೇಳೋನು, ಮನೇಲಿ ಹೆಂಡ್ತಿ ತೂಕ ಇಳೀತಿರೋದು ನಂಗೆ ಗೊತ್ತಾಗ್ಲಿಲ್ಲ ನೋಡಿ. ಇದನ್ನ ಯಾಕ್ ಹೇಳ್ತೀನಿ ಅಂದ್ರೆ, ನನ್ನ ಜಾಣತನ ಎಲ್ಲೆಲ್ಲಿ ಕೈ ಕೊಡ್ತು ಅಂತ ಗೊತ್ತಾಗ್ಲಿ ಅಂತ.

ತುಮಕೂರಿಗೆ ಕರ್ಕೊಂಡೋದೆ. ಡಾಕ್ಟ್ರು ಚಿಕ್ಕ ವಯಸ್ಸಿನೋರು, ಅವ್ರು ಮಾತು ಸುತ್ತಾಡಿಸ್ಲಿಲ್ಲ. "ಕರುಳಲ್ಲಿ ಗಡ್ಡೆ ಐತೆ ಯಜಮಾನ್ರೆ. ವಾರದೊಳಗೆ ತೆಗೀಬೇಕು. ದಾರಿ ಪೂರ್ತಿ ಮುಚ್ಕಂಡ್ರೆ ಆಮೇಲೆ ನನ್ ಕೈಲೂ ಆಗಲ್ಲ" ಅಂದ್ರು. ನಾನು ಆಗ್ಲಿ ಸಾರ್ ಅಂತ ತಿರುಗಿ ನೋಡಿದ್ರೆ ಇವ್ಳು ಆಗ್ಲೇ ಚಪ್ಪಲಿ ಮೆಟ್ಕಂಡು ಬಾಗ್ಲತ್ರ! "ನಾನು ಕುಯ್ಸ್ಕಳಲ್ಲ" ಅಂದ್ಲು. ಅವ್ರಕ್ಕ ಇದೇ ತರ ಹೊಟ್ಟೆ ಕುಯ್ಸ್ಕಳಕ್ಕೆ ಹೋದೋಳು ಮೇಜಿನ ಮೇಲೇ ಹೋಗಿದ್ಲು, ಆ ಹೆಣ ಬಂದಿದ್ದನ್ನ ಇವ್ಳು ನೋಡಿದ್ಲು. ನಾನು ಬೈದೆ, ಕೈ ಮುಗ್ದೆ, ಬಸ್ಸಲ್ಲಿ ಜನ ನೋಡ್ತಾವ್ರೆ ಅನ್ನೋದನ್ನೂ ಬಿಟ್ಟು ಕಿರುಚ್ದೆ. ಅವ್ಳು ಸಿರಾ ಬರೋವರ್ಗೂ ಕಿಟಕಿ ಕಡೆ ಮುಖ ಮಾಡ್ಕಂಡೇ ಕೂತಿದ್ಲು.

ಅವ್ಳ ಅಣ್ಣ ಕರಿಯಣ್ಣ, ನಮ್ ಭಾವ, ಮಾರನೇ ದಿನ ಬಂದ. ದೊಡ್ಡ ಮೀಸೆ, ಸಣ್ಣ ಮಾತು. ಒಬ್ಳು ತಂಗಿನ ಕಳ್ಕಂಡೋನು, ಅವನದೂ ತಪ್ಪು ಅನ್ನಕ್ಕಾಗಲ್ಲ. "ರಂಗಪ್ಪ, ಬೀರಪ್ಪನ್ನ ಕೇಳ್ದೆ ನನ್ ತಂಗಿ ಮೈಗೆ ಕತ್ತಿ ಮುಟ್ಟಿಸಂಗಿಲ್ಲ" ಅಂದ. "ಭಾವ, ಡಾಕ್ಟ್ರು ವಾರ ಅಂದವ್ರೆ." "ಸೋಮವಾರ ಹೂ ಕೇಳಾಣ. ಬಲಗಡೆ ಕೊಟ್ರೆ ನಾನೇ ಹೆಗಲ ಮೇಲೆ ಹೊತ್ಕಂಡೋಗಿ ಮಲಗಿಸ್ತೀನಿ. ಎಡಗಡೆ ಕೊಟ್ರೆ ನೀನೂ ಮುಟ್ಟಂಗಿಲ್ಲ, ಆ ಡಾಕ್ಟ್ರೂ ಮುಟ್ಟಂಗಿಲ್ಲ." ಮಾಳಮ್ಮ ಒಳಗಿಂದ್ಲೇ "ಹ್ಞೂ, ಅಂಗೇ ಆಗ್ಲಿ" ಅಂದ್ಲು. ಮುಗೀತು. ಆ ಮನೇಲಿ ನನ್ ಮಾತು ಅಷ್ಟಕ್ಕೇ ನಿಂತೋಯ್ತು.

ಹೂ ಕೇಳೋದು ಅಂದ್ರೆ ನೀವು ನೋಡಿಲ್ಲ. ನಮ್ ಬೀರಪ್ಪ ಏನ್ ದೊಡ್ಡ ಗುಡಿ ದೇವ್ರಲ್ಲ, ಕಳ್ಳಂಬೆಳ್ಳದಿಂದ ಒಳಕ್ಕೆ ನಡೆದ್ರೆ ಒಂದು ಹಟ್ಟಿ, ಅಲ್ಲೊಂದು ಕಲ್ಲಿನ ಗುಡಿ, ಒಳಗೊಂದು ಮೊಣಕಾಲೆತ್ತರದ ಕಲ್ಲು. ಪೂಜಾರಿ ಆ ಕಲ್ಲಿನ ಎರಡು ಕಡೆಗೂ ಒಂದೊಂದು ಕಣಗಲೆ ಹೂವ ನೀರಲ್ಲಿ ಅದ್ದಿ ಅಂಟಿಸ್ತಾನೆ. ಕೇಳೋದನ್ನ ಕೇಳ್ಕಂಡು ಎಲ್ರೂ ಕೂತ್ಕಳ್ತಾರೆ. ನೀರು ಆರ್ತಾ ಆರ್ತಾ ಯಾವ್ದಾದ್ರೂ ಒಂದು ಬೀಳ್ತದೆ. ಬಲಗಡೇದು ಬಿದ್ರೆ ಮಾಡು ಅಂತ, ಎಡಗಡೇದು ಬಿದ್ರೆ ಬ್ಯಾಡ ಅಂತ. ಹೆಣ್ಣು ಕೊಡಾಕೆ, ಕುರಿ ಹಿಂಡು ಪರಸ್ಥಳಕ್ಕೆ ಹೊಡೆಯಾಕೆ, ಎಲ್ಲಾದಕ್ಕೂ ನಮ್ಮೋರು ಅಲ್ಲೇ ಕೇಳೋದು. ನಾನೂ ಕೇಳಿದ್ದೆ ಎಷ್ಟೋ ಸಲ. ಅಂಗಡಿ ಹಾಕುವಾಗ ಕೇಳಿದ್ದೆ. ಆದ್ರೆ ಅಂಗಡಿ ಬೇರೆ, ಹೆಂಡ್ತಿ ಬೇರೆ. ಅರ್ಧಕ್ಕರ್ಧ ಬಂದ್ರೆ ಬಂತು ಅಂತ ನಾನು ಒಂದು ಮೂಟೆ ಉಣ್ಣೆ ಕೊಂಡೋನಲ್ಲ, ಮಾಳಮ್ಮನ್ನ ಬಿಟ್ಕೊಡ್ತೀನಾ?

ಅವಾಗ ಹೊಳೀತು ನಂಗೆ. ಕಂಬಳಿ ಹೊಳಪಾಗಿ ಬಿರುಸಾಗಿ ನಿಲ್ಲಾಕೆ ಏನ್ ಹಚ್ತಾರೆ? ಹುಣಸೆಬೀಜದ ಅಂಟು. ಬೀಜ ಹುರ್ದು, ಸಿಪ್ಪೆ ತೆಗ್ದು, ನುಣ್ಣಗೆ ಅರ್ದು ಕುದಿಸಿದ್ರೆ ಬರ್ತದೆ, ಹಿಡ್ಕಂಡ್ರೆ ಬಿಡಲ್ಲ. ನಾನು ಭಾನುವಾರ ಬೆಳಗ್ಗೆ ಹಿತ್ತಲ ಒಲೆ ಮೇಲೆ ಒಂದು ಹಿಡಿಯಷ್ಟು ಮಾಡ್ದೆ. ಮುತ್ತುಗದ ಎಲೇಲಿ ಸುತ್ತಿ, ಕರಿ ಉಣ್ಣೆ ದಾರದಲ್ಲಿ ನಮ್ಮಂಗಡಿ ಗಂಟು ಹಾಕ್ದೆ. ನೋಡಿದೀರಲ್ಲ, ಕಂಬಳಿ ಕಟ್ಟಿಗೆ ನಾನು ಹಾಕೋ ಗಂಟು, ಎರಡು ಸುತ್ತಿ ಒಳಗಿಂದ ಎಳೆಯೋದು, ನಿಮ್ಮಪ್ಪಂಗೂ ಇವತ್ತಿಗೂ ಬರಲ್ಲ ಅದು. ಅಂಗಡಿಯಿಂದ ಒಂದ್ ಒಳ್ಳೆ ಕರಿ ಕಂಬಳಿ ಬಗಲಲ್ಲಿಟ್ಕಂಡು ಹಟ್ಟಿಗೆ ಹೋದೆ. ಪೂಜಾರಿ ಸಿದ್ದಪ್ಪ ಗುಡಿ ಹಿಂದೆ ಕಸ ಗುಡಿಸ್ತಿದ್ದ.

"ಏನ್ ಸಾವ್ಕಾರ್ರೆ, ಸೋಮವಾರ ಅಲ್ವಾ ಬರೋದು ನೀವು?" ಅಂದ. ನಾನು ಕಂಬಳಿ ಕೊಟ್ಟೆ. "ಇದೆಂತದು?" "ಚಳಿಗೆ." "ಈಗೆಲ್ಲೈತೆ ಚಳಿ, ಬಿಸ್ಲು ಸುಡ್ತೈತೆ." ನಾನು ಪೊಟ್ಟಣ ತೆಗ್ದೆ. "ಸಿದ್ದಪ್ಪ, ನಾಳೆ ಎಡಗಡೆ ಹೂವ ಇದ್ರಲ್ಲಿ ಅಂಟ್ಸು. ಬಲಗಡೇದು ಬರೀ ನೀರಲ್ಲಿ ಇಡು." ಅವನು ಪೊಟ್ಟಣ ಮೂಸಿ ನೋಡ್ದ. ನನ್ ಮುಖ ನೋಡ್ದ. "ಕಂಬಳಿ ಅಂಟು" ಅಂದ. "ಹ್ಞೂ." "ದೇವ್ರಿಗೆ?" ನಾನು ಏನಂದೆ ಗೊತ್ತಾ, ಇವತ್ತಿಗೂ ನೆಪ್ಪೈತೆ, "ದೇವ್ರಿಗೆ ಹೆಂಡ್ತಿ ಇದ್ರೆ ಅವನೂ ಇದೇ ಮಾಡ್ತಿದ್ದ" ಅಂದೆ. ಸಿದ್ದಪ್ಪ ಪೊಟ್ಟಣ ಸೊಂಟಕ್ಕೆ ಸಿಗಿಸ್ಕಂಡು ಮತ್ತೆ ಪೊರಕೆ ಹಿಡ್ಕಂಡ. ವ್ಯಾಪಾರ ಮುಗೀತು ಅಂದ್ಕಂಡು ಬಂದೆ.

ಸೋಮವಾರ ಮಧ್ಯಾಹ್ನ ಕೂತ್ವಿ. ಕರಿಯಣ್ಣ, ನಾನು, ನಿಮ್ಮಜ್ಜಿ, ಹಟ್ಟಿ ಜನ ನಾಕೈದು. ಅವ್ಳಿಗೆ ನೆಟ್ಟಗೆ ಕೂರಾಕಾಗ್ದು, ಕಂಬಕ್ಕೆ ಒರಗಿಸಿದ್ವಿ. ಸಿದ್ದಪ್ಪ ಒಳಗೋಗಿ ಹೂ ಇಟ್ಟು ಪಕ್ಕಕ್ಕೆ ಬಂದ. ಕರಿಯಣ್ಣ ನಿಂತ್ಕಂಡು ಕೇಳ್ದ, "ಅಪ್ಪಾ, ಒಂದು ಹೆಣ್ಣನ್ನ ಕೇಳ್ದೆ ಕಳ್ಸಿದ್ವಿ, ವಾಪಸ್ ಬರ್ಲಿಲ್ಲ. ಈಗ ಕೇಳಿ ಕಳ್ಸ್ತೀವಿ. ಹೇಳು." ನಾನು ಆರಾಮಾಗಿ ಬಲಗಡೆ ನೋಡ್ತಾ ಕೂತೆ, ಹೆಂಗೂ ಗೊತ್ತಿರೋ ಸಂಗ್ತಿ ಅಂತ. ಹೊತ್ತಾಯ್ತು, ಬೀಳ್ಲಿಲ್ಲ. ಇನ್ನೂ ಹೊತ್ತಾಯ್ತು. ಎಡಗಡೆ ಹೂವು ಒಂಚೂರು ಜಾರಿ ನಿಂತ್ಕಂತು. ಅಂಟಲ್ಲಿ ಹಾಕಿರೋ ಹೂವು ಹೆಂಗೆ ಜಾರ್ತದೆ? ಬೆಚ್ಚಗೆ ಇತ್ತೇನೋ, ನೀರಾಯ್ತೇನೋ, ನಾನೇ ತೆಳ್ಳಗೆ ಮಾಡಿದ್ನೇನೋ, ಇಂಗೆಲ್ಲಾ ಯೋಚ್ನೆ. ಸಿದ್ದಪ್ಪನ್ನ ನೋಡಿದ್ರೆ ಅವನು ಕಣ್ಣು ಮುಚ್ಕಂಡವ್ನೆ. ಆಮೇಲೆ ಟಪ್ ಅಂತ, ಸದ್ದು ಬರ್ಲಿಲ್ಲ ಕಣಪ್ಪ, ಹೂವು ಬಿದ್ರೆ ಸದ್ದೆಲ್ಲಿ ಬರ್ತದೆ, ನಂಗೆ ಕೇಳಿಸ್ದಂಗಾಯ್ತು. ಬಲಗಡೆ.

ಕರಿಯಣ್ಣ ಹೆಂಗಸ್ರ ತರ ಅತ್ತುಬುಟ್ಟ. ಮಾಳಮ್ಮ ಆ ಹೂವ ತಗಂಡು ಸೆರಗಿಗೆ ಕಟ್ಕಂಡ್ಲು, ನನ್ ಕಡೆ ತಿರುಗಿ, "ನಡಿ, ಯಾವಾಗ ಬಸ್ಸು?" ಅಂದ್ಲು. ನಮ್ಮಲ್ಲಿ ಹೆಂಡ್ತೀರು ಗಂಡಂಗೆ ರೀ ರೀ ಅನ್ನಲ್ಲ, ನೀನು ಅಂತಾನೇ. ಆ ನಡಿ ಅನ್ನೋ ಮಾತು ಕೇಳ್ದಾಗ ನಂಗೆ ಗೆದ್ದೆ ಅನ್ನಿಸ್ಬೇಕಿತ್ತು, ಅನ್ನಿಸ್ಲಿಲ್ಲ. ಕಳ್ಳ ಮಾಲು ಮಾರ್ದಂಗಿತ್ತು.

ಆಪ್ರೇಶನ್ನಿಗೆ ಒಳಗೆ ತಳ್ಕಂಡೋಗುವಾಗ ಅವ್ಳು ನಗ್ತಾ ಇದ್ಲು. ನರ್ಸಮ್ಮಂಗೆ "ನಮ್ ಬೀರಪ್ಪ ಬಲಗಡೆ ಕೊಟ್ಟವ್ನೆ ಕಣಮ್ಮ" ಅಂತ ಸೆರಗಿನ ಗಂಟು ತೋರ್ಸಿದ್ಲು. ಬಾಗ್ಲು ಮುಚ್ಕಂತು. ಕರಿಯಣ್ಣ ಬೆಂಚಿನ ಮೇಲೆ ಕೂತು ಬಾಳೆಹಣ್ಣು ಸುಲೀತಾ "ಕೂತ್ಕೋ ರಂಗಪ್ಪ, ಅವನು ನೋಡ್ಕಂತಾನೆ" ಅಂದ. ನಂಗೆ ಕೂರಾಕಾಗ್ಲಿಲ್ಲ. ಕೈ ಮುಗ್ದು ಏನಾರ ಕೇಳಾಣ ಅಂದ್ರೆ ಬಾಯಿ ಬರ್ಲಿಲ್ಲ. ಯಾವ ಮುಖ ಇಟ್ಕಂಡು ಕೇಳ್ಲಿ? ಅವನ ಬಾಯಿಗೆ ಅಂಟು ಬಳ್ದು ನಂಗೆ ಬೇಕಾದ್ ಮಾತು ಹೇಳಿಸ್ಕಂಡು ಬಂದಿದ್ದೆ. ಎಲ್ರಿಗೂ ದೇವ್ರಿದ್ದ ಅಲ್ಲಿ, ಕರಿಯಣ್ಣಂಗಿದ್ದ, ಮೇಜಿನ ಮೇಲೆ ಮಲಗಿರೋ ಅವ್ಳಿಗಿದ್ದ. ನಂಗೊಬ್ಬಂಗೆ ಇರ್ಲಿಲ್ಲ. ಅದು ಎಂತಾ ಒಂಟಿತನ ಅಂತ ನಿಮ್ಗೆ ಹೆಂಗೆ ಹೇಳ್ಲಿ, ಹೇಳಾಕಾಗಲ್ಲ.

ಗಡ್ಡೆ ತೆಗೆದ್ರು. ಎರಡು ದಿನ ಚೆನ್ನಾಗಿದ್ಲು, ಗಂಜಿ ಕೇಳಿದ್ಲು. ಮೂರನೇ ದಿನ ಜ್ವರ. ಐದನೇ ದಿನ ಹೊಟ್ಟೆ ಗುಡಾಣ ಆಯ್ತು. ಒಳಗಡೆ ಹೊಲಿಗೆ ಬಿಟ್ಟೈತೆ, ಕೀವು ತುಂಬ್ಕಂಡೈತೆ, ಇಂಗೂ ಆಗ್ತದೆ ಕೆಲವ್ರಿಗೆ ಅಂದ್ರು ಡಾಕ್ಟ್ರು. ಐಸಿಯುಗೆ ಹಾಕಿದ್ರು. ಗಾಜಿನಾಚೆ ನಿಂತು ದಿನಕ್ಕೆರಡು ಸಲ ನೋಡಬಹುದಿತ್ತು. ಮೂಗಲ್ಲಿ, ಬಾಯಲ್ಲಿ, ಕೈಯಲ್ಲಿ ಎಲ್ಲಾ ಕಡೆ ಪೈಪು. ಮುಖ ಇವ್ಳದೇನಾ ಅನ್ನಂಗೆ ಊದಿತ್ತು.

ಅಲ್ಲಿ ಪಾವಗಡ ಕಡೆಯ ಒಬ್ಳು ಹೆಂಗಸು ಇದ್ಲು, ನನ್ ಮಗಳ ವಯಸ್ಸಿರಬೇಕು. ಅವ್ಳ ಗಂಡನೂ ಒಳಗೆ. ನಮ್ ಪಕ್ಕದಲ್ಲೇ ಚಾಪೆ ಹಾಸ್ಕಂಡಿದ್ಲು. ಅರ್ಧ ತೆಲುಗು ಅರ್ಧ ಕನ್ನಡ. "ಏಮಿ ಅಣ್ಣಾ, ಕಂಬಳಿ ಅಂಗಡಿ ಅಂತೀಯ, ಹೊದಿಯಾಕೆ ಒಂದ್ ಟವಲ್ ಬಿಟ್ರೆ ಏನೂ ತಂದಿಲ್ವಲ್ಲ" ಅಂತ ನನ್ನ ಆಡ್ಕಂಡು ಅವ್ಳದೇ ಒಂದು ಬೆಡ್‌ಶೀಟ್ ಕೊಟ್ಟಿದ್ಲು. ಆರನೇ ದಿನ ಬೆಳಗ್ಗೆ ಅವ್ಳ ಗಂಡ ಹೋದ. ಗೋಳಾಡ್ಲಿಲ್ಲ ಅವ್ಳು. ಚಾಪೆ ಸುತ್ತಿಟ್ಲು, ಪ್ಲಾಸ್ಕು ತಂದು ನನ್ ಮುಂದೆ ಇಟ್ಲು. "ನಾಕು ಇಂಕ ಎಂದಕಣ್ಣಾ, ಇನ್ನು ನಂಗೆ ಯಾಕೆ, ಅಕ್ಕ ಎದ್ಮೇಲೆ ಬಿಸಿನೀರ್ ಬೇಕಾಗ್ತೈತೆ" ಅಂದ್ಲು. ಕರಿಯಣ್ಣ ಅವ್ಳ ಸಮಾಧಾನಕ್ಕೆ ಅಂತ, "ದೇವ್ರನ್ನ ಒಂದ್ ಮಾತು ಕೇಳ್ಬೇಕಿತ್ತು ತಾಯಿ, ನಾವು ಕೇಳ್ಕಂಡೇ ಬಂದಿದ್ದು" ಅಂದುಬುಟ್ಟ. ಆ ಹೆಂಗಸು ಅವನನ್ನ ನೋಡಿ ಮೆತ್ತಗೆ ಹೇಳಿದ್ಲು, "ಮೇಮೂ, ನಾವೂ ಕೇಳಿದ್ವಿ ಅಣ್ಣಾ. ನಮ್ ಸ್ವಾಮೀನೂ ಬಲಗಡೆನೇ ಕೊಟ್ಟಿದ್ದ." ಅಷ್ಟೇ ಹೇಳಿ ಹೆಣದ ಗಾಡಿ ಹತ್ತಿದ್ಲು.

ಕರಿಯಣ್ಣನ ಕೈಯಲ್ಲಿ ಬಾಳೆಹಣ್ಣು ಅಂಗೇ ನಿಂತೋಯ್ತು. ಮೊದಲ್ನೇ ಸಲ ಅವನ ಮುಖದಲ್ಲಿ ಭಯ ನೋಡ್ದೆ. ನಂಗೆ ಇನ್ನು ತಡ್ಕಳಾಕಾಗ್ಲಿಲ್ಲ. ನಿಜವಾಗ್ಲೂ ಕೊಟ್ಟಿರೋ ಹೂವೇ ಇಂಗಾದ್ರೆ ನಾನು ಅಂಟಿಸಿ ಬೀಳಿಸಿದ್ ಹೂವು ಯಾವ್ ಲೆಕ್ಕ? ಸಿರಾ ಬಸ್ ಹತ್ತಿ ಕಳ್ಳಂಬೆಳ್ಳದಲ್ಲಿ ಇಳ್ದು, ಸುಡೋ ಬಿಸ್ಲಲ್ಲಿ ನಡ್ಕಂಡು ಹಟ್ಟಿಗೆ ಹೋದೆ. ಏನ್ ಕೇಳಾಕೆ ಅಂತ ನಂಗೇ ಗೊತ್ತಿರ್ಲಿಲ್ಲ. ತಪ್ಪು ಕಾಣಿಕೆ ಕಟ್ಟಾಣ, ನೆಲಕ್ಕೆ ಬೀಳಾಣ, ಏನೋ ಒಂದು.

ಸಿದ್ದಪ್ಪ ಬೇವಿನ ಮರದ ಕೆಳಗೆ ಕೂತಿದ್ದ. ನಾನು ಹೋಗಿ, "ಸಿದ್ದಪ್ಪ, ಅವ್ಳು ಸಾಯ್ತಾವ್ಳೆ. ನಾವಿಬ್ರೂ ಮಾಡಿದ್ ಕೆಲಸಕ್ಕೆ ಏನ್ ಪರಿಹಾರ ಹೇಳು" ಅಂದೆ. ಅವನು ಎದ್ದೋದ. ಕಂಬಳಿ ತಂದ, ನಾನು ಕೊಟ್ಟಿದ್ ಮಡಿಕೆ ಬಿಚ್ಚಿರ್ಲಿಲ್ಲ. ಅದ್ರ ಮೇಲೆ ಮುತ್ತುಗದ ಎಲೆ ಪೊಟ್ಟಣ. ಎಲೆ ಒಣಗಿ ಕಂದಾಗಿತ್ತು. ಗಂಟು ನೋಡ್ದೆ. ನನ್ ಗಂಟು. ಎರಡು ಸುತ್ತಿ ಒಳಗಿಂದ ಎಳೆದಿದ್ದು. ಬಿಚ್ಚೇ ಇಲ್ಲ.

"ಮಾಡ್ದೆ ಇರೋ ಕೆಲಸಕ್ಕೆ ಕಂಬಳಿ ಯಾಕೆ ಸಾವ್ಕಾರ್ರೆ, ತಗಂಡೋಗಿ" ಅಂದ.

"ಯಾಕ್ ಮಾಡ್ಲಿಲ್ಲ?"

"ಆ ಅಂಟು ಮೆತ್ತಿದ್ರೆ ಕಲ್ಲಿನ ಮೇಲೆ ಕಲೆ ಆಗ್ತದೆ. ತಿಕ್ಕೋನು ನಾನು ತಾನೆ?" ಅಂದ. ಕಂಬಳಿನ ನನ್ ಕೈಗಿಡ್ತಾ, "ಕೈನೂ ಬರ್ಲಿಲ್ಲ ಬುಡಿ" ಅಂದ.

"ಎಡಗಡೇದು ಬಿದ್ದಿದ್ರೆ?"

"ಬಿದ್ದಿದ್ರೆ ಇನ್ನೊಂದ್ಸಲ ಇಡ್ತಿದ್ದೆ. ಮೂರು ಸಲ ಕೇಳೋ ಪದ್ಧತಿ ಐತಲ್ಲ. ಮೂರು ಸಲಾನೂ ಎಡಕ್ಕೇ ಬಿದ್ದಿದ್ರೆ, ಅಪ್ಪ ಇವತ್ತು ಮುನಿಸ್ಕಂಡವ್ನೆ, ಆಸ್ಪತ್ರೇಲಿ ಸೇರ್ಸಿ ಅಲ್ಲಿಂದ್ಲೇ ಹರಕೆ ಹೊತ್ಕಳಿ ಅಂತಿದ್ದೆ. ಅವಮ್ಮನ ಮುಖ ನಾನೂ ನೋಡಿದ್ನಲ್ಲ."

ನಾನು ಈ ಸೀಮೇಲೇ ನನ್ನಂತ ವ್ಯಾಪಾರಸ್ಥ ಇಲ್ಲ ಅಂದ್ಕಂಡಿದ್ದೆ. ಅಲ್ಲೊಬ್ಬ ಪೊರಕೆ ಹಿಡ್ಕಂಡು ಕೂತಿದ್ದ. ನಗು ಬಂತಾ, ಅಳು ಬಂತಾ, ಗೊತ್ತಿಲ್ಲ. ಹೂವು ಅದರಷ್ಟಕ್ಕೇ ಬಿದ್ದಿತ್ತು. ಇರೋದು ಎರಡೇ ಕಡೆ, ಯಾವ್ದೋ ಒಂದು ಬೀಳ್ಲೇಬೇಕು, ಅದು ನಂಗೆ ಗೊತ್ತಿಲ್ದೆ ಏನಲ್ಲ. ಪಾವಗಡದವ್ಳಿಗೂ ಬಲಗಡೇನೇ ಬಿದ್ದಿತ್ತು. ಅದ್ರಿಂದ ಮಾಳಮ್ಮ ಉಳೀತಾಳೆ ಅಂತ ಏನೂ ಇಲ್ಲ. ಆದ್ರೂ, ಕೇಳಿ ಇಲ್ಲಿ, ನಂಗೆ ಕೈ ಮುಗಿಯಾಕೆ ಬಂತು. ಆರು ದಿನದಿಂದ ಬಾರದೇ ಇದ್ದಿದ್ದು ಬಂತು. ಏನೂ ಕೇಳ್ಲಿಲ್ಲ. ಉಳ್ಸು ಅಂತ್ಲೂ ಅನ್ಲಿಲ್ಲ. ಮುಗ್ದೆ, ಕಂಬಳಿ ಬಗಲಿಗಿಟ್ಕಂಡೆ, ಬಸ್ ಹಿಡ್ದೆ.

ಆಸ್ಪತ್ರೆಗೆ ಬಂದ್ರೆ ಇನ್ನೂ ಕೆಟ್ಟಿತ್ತು. "ಮತ್ತೆ ತೆರೀಬೇಕು. ಮೇಜಿನ ಮೇಲೆ ಹೋದ್ರೂ ಹೋಗಬಹುದು. ತೆರೀದೇ ಇದ್ರೆ ನಾಳೆ ಇರಲ್ಲ. ಸಹಿ ಹಾಕಿ" ಅಂದ್ರು ಡಾಕ್ಟ್ರು. ಕರಿಯಣ್ಣ ನನ್ ಕೈ ಹಿಡ್ಕಂಡ. ಆ ದೊಡ್ಡ ಮೀಸೆಯೋನು ಮಗೂ ತರ, "ರಂಗಪ್ಪ, ಮತ್ತೆ ಹೂ ಕೇಳ್ಬೇಕಲ್ವೇನೋ? ಸೋಮವಾರ ತಡ್ಯಾಣ್ವಾ?" ಅಂದ. ಸೋಮವಾರಕ್ಕೆ ಇನ್ನೂ ಐದಾರು ದಿನ. ನಾನು ಹೇಳ್ದೆ, "ಅವನು ಒಂದ್ಸಲ ಹೇಳಿದ್ ಮಾತು ಐತಲ್ಲ ಭಾವ. ಪದೇ ಪದೇ ಕೇಳಿದ್ರೆ ಅದು ಕೇಳೋದಲ್ಲ, ಪೀಡಿಸೋದು." ಸಹಿ ಹಾಕ್ದೆ. ಅವತ್ತು ಬಲಗಡೇನೂ ಇಲ್ಲ, ಎಡಗಡೇನೂ ಇಲ್ಲ, ಕಣ್ಣಿಗೆ ಕಾಣೋದು ಒಂದೂ ಇಲ್ಲ. ಆದ್ರೂ ಹಾಕ್ದೆ. ನನ್ ಜೀವಮಾನದಲ್ಲಿ ನಾನು ನಂಬಿ ಮಾಡಿದ್ ಕೆಲಸ ಅಂದ್ರೆ ಅದೊಂದೇ.

ಉಳಿದ್ಲು. ಉಳಿದ್ಲು ಅಂದ್ರೆ ಮೊದ್ಲಿನಂಗೆ ಅಲ್ಲ. ಹೊಟ್ಟೆ ಪಕ್ಕಕ್ಕೆ ಚೀಲ ಹಾಕಿ ಕಳ್ಸಿದ್ರು, ಹೊರಕ್ಕೆ ಹೋಗೋದೆಲ್ಲಾ ಅದ್ರಲ್ಲೇ. ನೀವು ಅಜ್ಜಿ ಮೈಯೆಲ್ಲಾ ಔಷ್ಧಿ ವಾಸ್ನೆ ಅಂತ ಮೂಗು ಮುಚ್ಕಳ್ತಿದ್ರಲ್ಲ, ಅದು. ಎರಡು ತಿಂಗಳಾದ್ಮೇಲೆ ಮನೇಗ್ ಬಂದ್ಲು. ಒಂದ್ ದಿನ ಬೆಳಗ್ಗೆ ಚೀಲ ತೊಳೆದು ಕಟ್ತಾ ಇದ್ದೆ, ತಡೀಲಾರ್ದೆ ಎಲ್ಲಾ ಹೇಳ್ಬುಟ್ಟೆ. ಅಂಟು ಕಾಸಿದ್ದು, ಕಂಬಳಿ ಕೊಟ್ಟಿದ್ದು, ಸಿದ್ದಪ್ಪ ವಾಪಸ್ ಕೊಟ್ಟಿದ್ದು. ಪೊಟ್ಟಣ ತಂದು ತೋರಿಸ್ದೆ. ಅವ್ಳು ಪೊಟ್ಟಣ ಹಿಡ್ಕಂಡು ನಗಾಕೆ ಶುರು ಮಾಡಿದ್ಲು, ಹೊಲಿಗೆ ಹಿಡ್ಕಂಡು ನಕ್ಲು, "ಅಯ್ಯೋ ನೋವಾಗ್ತೈತೆ, ನಗಿಸ್ಬೇಡ" ಅಂದ್ಲು.

"ಅವತ್ತೇ ಗೊತ್ತಿತ್ತು ನಂಗೆ" ಅಂದ್ಲು. "ಹಿತ್ತಲಲ್ಲಿ ಹುಣಸೆಬೀಜ ಹುರಿದ್ರೆ ಮನೆಯೋಳಿಗೆ ವಾಸ್ನೆ ಬರಲ್ವಾ? ಮನೇಲಿ ಒಂದ್ ಕಂಬಳಿನೂ ಮಗ್ಗದಿಂದ ಇಳಿದಿಲ್ಲ, ಹಿಡಿಯಷ್ಟು ಅಂಟು ಯಾಕ್ ಕಾಸ್ತಾನೆ ಇವನು ಅಂತ ನೋಡ್ತಾನೇ ಇದ್ದೆ."

"ಗೊತ್ತಿದ್ದೂ ನಗ್ತಾ ಹೋದ್ಯಲ್ಲೇ ಒಳಕ್ಕೆ! ಸುಳ್ಳು ಹೂವ ಸೆರಗಿಗೆ ಕಟ್ಕಂಡು!"

ಅವ್ಳು ನಗೋದು ನಿಲ್ಲಿಸಿದ್ಲು. "ಹೂವ ಯಾರು ನಂಬಿದ್ರು?" ಅಂದ್ಲು. "ನೀನು ಒಂದ್ ಗಜ ಅಳತೇಲಿ ಮೋಸ ಮಾಡಿದೋನಲ್ಲ. ನನ್ನ ಉಳಿಸ್ಕಳಾಕೆ ದೇವ್ರಿಗೇ ಮೋಸ ಮಾಡಾಕೆ ಹೋದೆ. ಆ ಬುದ್ಧಿ ನಿಂಗೆ ಎಲ್ಲಿಂದ ಬಂತು? ಅವನೇ ಕೊಟ್ಟಿರಬೇಕು ಅಂದ್ಕಂಡೆ. ಅಷ್ಟು ಸಾಕಾಯ್ತು, ಹೋದೆ."

ಈಗ ನೀವೇ ಹೇಳಿ. ಸಿದ್ದಪ್ಪ ಮಾಡ್ದ ಅಂತ ನಾನು ಅಂದ್ಕಂಡಿದ್ದೆ, ಅವನು ಮಾಡಿರ್ಲಿಲ್ಲ. ನಾನು ಮಾಡ್ದೆ ಅಂತ ಅವ್ಳು ಅಂದ್ಕಂಡಿದ್ಲು, ನಾನು ಮಾಡಿದ್ದು ನಡೆದೇ ಇರ್ಲಿಲ್ಲ. ಇಷ್ಟು ಜನರ ಮಧ್ಯೆ ಬೀರಪ್ಪ ಎಲ್ಲಿದ್ದ, ಯಾವಾಗ ಕೈ ಹಾಕ್ದ, ನಂಗೆ ಇವತ್ತಿಗೂ ಸಿಕ್ಕಿಲ್ಲ. ಇದ್ದ ಅಂತೀನಿ, ಪಾವಗಡದವ್ಳ ಗಂಡನ್ನ ಯಾಕ್ ಬಿಟ್ಟ ಅಂತ ಕೇಳ್ಬೇಡಿ, ಗೊತ್ತಿಲ್ಲ. ಅವ್ಳ ಪ್ಲಾಸ್ಕು ಇನ್ನೂ ಅಡಿಗೆಮನೇಲಿ ಐತೆ, ಮುಚ್ಚಳ ಒಡ್ದೋಗೈತೆ, ಬಿಸಾಕ್ತೀನಿ ಅಂದ್ರೆ ನಿಮ್ಮಮ್ಮಂಗೆ ನಾನು ಬಯ್ಯೋದು ಅದಕ್ಕೇ.

ನಾಕು ವರ್ಷ ಇದ್ಲು ಆಮೇಲೆ. ನೋವು ತಿಂದ್ಲು, ನನ್ನ ಬೈದ್ಲು, ಮಂಜನ್ನ ಎತ್ಕಂಡು ಆಡಿಸಿದ್ಲು. ಗಡ್ಡೆ ಮತ್ತೆ ಬಂತು, ಆ ಸಲ ಡಾಕ್ಟ್ರು ಸಹಿ ಕೇಳ್ಲಿಲ್ಲ, ಮನೇಗ್ ಕರ್ಕೊಂಡೋಗಿ ಅಂದ್ರು. ಆ ಕರಿ ಕಂಬಳಿನ ನಾನು ಮಾರಾಕೂ ಇಡ್ಲಿಲ್ಲ, ಬೇರೆ ಯಾರಿಗೂ ಹೊದಿಸ್ಲಿಲ್ಲ. ಅದ್ರಲ್ಲೇ ಸುತ್ತಿ ಮಣ್ಣು ಮಾಡಿದ್ವಿ ಅವ್ಳನ್ನ. ಕರಿಯಣ್ಣ ಗುಂಡಿ ಹತ್ರ ನಿಂತು "ಒಳ್ಳೆ ಉಣ್ಣೆ" ಅಂದ. "ಹ್ಞೂ" ಅಂದೆ.

ಅದಕ್ಕೇ ಅಂಗಡೀಲಿ ಹೂ ಇಡಲ್ಲ ಕಣಮ್ಮ. ಇಟ್ರೆ ನನ್ ಕಣ್ಣು ಅಲ್ಲೇ ಹೋಗ್ತದೆ, ಈಗ ಬೀಳ್ತದಾ ಆಗ ಬೀಳ್ತದಾ, ಬಲಕ್ಕಾ ಎಡಕ್ಕಾ ಅಂತ. ಒಬ್ಬನ್ನ ಕೆಲಸಕ್ಕೆ ನಂಬಿದ್ಮೇಲೆ ಅವನ ಬೆನ್ನ ಹಿಂದೆ ನಿಂತು ಇಣುಕ್ತಾ ಇರಬಾರ್ದು. ಕಾಯಿಲೆ ಬಂದ್ರೆ ಆಸ್ಪತ್ರೆಗೆ ಹೋಗಿ, ಹೊಟ್ಟೆ ನೋವನ್ನ ಸೋಡಾ ಕುಡ್ದು ಮುಚ್ಚಿಡ್ಬೇಡಿ, ನಿಮ್ ಕೈಲಾಗೋದನ್ನ ಕಳ್ಳತನ ಇಲ್ದೆ ಮಾಡಿ, ಆಮೇಲೆ ತಲೆ ಬಗ್ಗಿಸ್ಕಂಡು ಸುಮ್ಕಿರಿ. ಏಳು ಪುಟ್ಟಿ, ಯಾರೋ ಗಿರಾಕಿ ಬಂದಂಗೈತೆ. ಆ ಹೂವ ಬಾಡೋಕ್ ಮುಂಚೆ ನೀನೇ ಮುಡ್ಕೋ.